ಹತ್ತು ಓವರ್, ಆರು ರನ್: ದರ ಮತ್ತು ಸರಾಸರಿ ಪಾಠದ ಒಂದು ಅನುಭವ

ಶಾಲಾ ಅನುಭವ ಕಾರ್ಯಕ್ರಮದ ಅಂಗವಾಗಿ ನಾನು ಯಮಕನಮರಡಿಯ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಗಣಿತ ಬೋಧಿಸಿದೆ. ಮೊದಲ ವಾರ ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಹೀಗೆ ಬರೆದರು: ‘ಲೆಕ್ಕ ನಿಮಗೆ ಬರುತ್ತದೆ. ಮಕ್ಕಳಿಗೆ ಬಂದಿತೇ ಎಂದು ನೀವು ಕೇಳಲಿಲ್ಲ.’ ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಪಡೆದಿದ್ದ ನನಗೆ ಆ ಎರಡು ವಾಕ್ಯಗಳು ಬಹಳ ಚುಚ್ಚಿದವು. ಕಪ್ಪು ಹಲಗೆಯ ತುಂಬ ಲೆಕ್ಕ ಬಿಡಿಸಿದ್ದೆ, ಮಕ್ಕಳೂ ಅಂದವಾಗಿ ನಕಲು ಮಾಡಿಕೊಂಡಿದ್ದರು. ಮರುದಿನ ಅದೇ ಲೆಕ್ಕದ ಸಂಖ್ಯೆಗಳನ್ನು ಬದಲಿಸಿ ಕೊಟ್ಟಾಗ ಹೆಚ್ಚಿನವರು ಪೆನ್ನು ಹಿಡಿದು ಸುಮ್ಮನೆ ಕುಳಿತರು.

ಆ ಮಾತಿನ ನಂತರ ನಾನು ಸಿದ್ಧಪಡಿಸಿದ ಪಾಠದ ಅನುಭವವನ್ನು ಇಲ್ಲಿ ಹಂಚಿಕೊಂಡಿದ್ದೇನೆ. ಅದರಲ್ಲಿ ನಾನೇ ಮಾಡಿದ ಒಂದು ತಪ್ಪೂ ಇದೆ.

ಪಾಠವಸ್ತುವಿನ ಆಯ್ಕೆ

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹುಡುಗರ ಬಾಯಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಮಾತಿರಲಿಲ್ಲ. ಕಬ್ಬು ಕಟಾವಾದ ಹೊಲದಲ್ಲಿ ಟೆನಿಸ್ ಚೆಂಡಿನ ಪಂದ್ಯ ನಡೆಯುತ್ತಿತ್ತು. ನಾನು ಕ್ರಿಕೆಟ್ ನೋಡುವವಳಲ್ಲ. ಆದರೆ ಓವರಿಗೆ ಎಷ್ಟು ರನ್ ಎಂಬುದು ದರವೇ ಅಲ್ಲವೇ ಎನ್ನಿಸಿತು. ನಮ್ಮ ಭಾಗದವರೇ ಆದ ಆಟಗಾರರೊಬ್ಬರನ್ನು ಹುಡುಕಿದಾಗ ಗದಗಿನ ಸುನಿಲ್ ಜೋಶಿ ಸಿಕ್ಕರು.

1970ರ ಜೂನ್ 6ರಂದು ಗದಗಿನಲ್ಲಿ ಹುಟ್ಟಿದ ಜೋಶಿ ಎಡಗೈ ಸ್ಪಿನ್ನರ್. ಬಾಲ್ಯದಲ್ಲಿ ಅಭ್ಯಾಸಕ್ಕೆಂದು ಬೆಳಿಗ್ಗೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಬರುತ್ತಿದ್ದರು. ಕರ್ನಾಟಕ ರಣಜಿ ಟ್ರೋಫಿ ಗೆದ್ದ 1995-96ರ ಋತುವಿನಲ್ಲಿ 52 ವಿಕೆಟ್ ಪಡೆದು 529 ರನ್ ಗಳಿಸಿದರು. 1996ರ ಜೂನ್ 6ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಲು ಇಳಿದರು. ಭಾರತದ ಪರ ಒಟ್ಟು 15 ಟೆಸ್ಟ್ ಮತ್ತು 69 ಏಕದಿನ ಪಂದ್ಯ ಆಡಿದರು.

ಆಟ ಮುಗಿದ ಮೇಲಿನ ಅವರ ದಾರಿ ನನ್ನನ್ನು ಹೆಚ್ಚು ಸೆಳೆಯಿತು. 2014ರ ಡಿಸೆಂಬರಿನಲ್ಲಿ ಜಮ್ಮು ಮತ್ತು ಕಾಶ್ಮೀರ ತಂಡ ವಾಂಖೆಡೆ ಮೈದಾನದಲ್ಲಿ ಮುಂಬೈಯನ್ನು ಸೋಲಿಸಿದಾಗ ಜೋಶಿ ಅದರ ತರಬೇತುದಾರರು. ಬಳಿಕ ಹೊರದೇಶಗಳ ರಾಷ್ಟ್ರೀಯ ತಂಡಗಳು ಅವರನ್ನು ಕರೆದವು. 2016ರ ಟಿ20 ವಿಶ್ವಕಪ್‌ಗೆ ಮುನ್ನ ಒಮಾನ್ ತಂಡದ ಸ್ಪಿನ್ನರುಗಳಿಗೆ ಕಲಿಸಿದರು. ಆ ತಂಡ ಧರ್ಮಶಾಲಾದಲ್ಲಿ ಐರ್ಲೆಂಡನ್ನು 2 ವಿಕೆಟ್‌ಗಳಿಂದ ಸೋಲಿಸಿತು. 2017ರಿಂದ 2019ರ ವಿಶ್ವಕಪ್‌ವರೆಗೆ ಬಾಂಗ್ಲಾದೇಶದ ಸ್ಪಿನ್ ಬೌಲಿಂಗ್ ಸಲಹೆಗಾರರಾಗಿದ್ದರು. ನಂತರ ಅಮೆರಿಕ ತಂಡದೊಂದಿಗೂ ಕೆಲಸ ಮಾಡಿ, 2020ರ ಮಾರ್ಚ್‌ನಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಆಡಲು ಬಂದವರೆಲ್ಲರಿಗೂ ಕಲಿಸಲು ಬರುವುದಿಲ್ಲ. ‘ಲೆಕ್ಕ ನಿಮಗೆ ಬರುತ್ತದೆ’ ಎಂಬ ಮಾತು ತಲೆಯಲ್ಲಿ ಸುತ್ತುತ್ತಿದ್ದ ನನಗೆ ಈ ವೃತ್ತಿಜೀವನ ಗಣಿತಕ್ಕೂ ಸರಿ, ನನಗೂ ಸರಿ ಎನ್ನಿಸಿತು.

ಕಲಿಕಾ ಫಲಗಳು

ಪಾಠದ ಕೊನೆಗೆ ಮಕ್ಕಳು
1. ಎರಡು ಪರಿಮಾಣಗಳನ್ನು ಹೋಲಿಸಿ ದರ ಹೇಳಬೇಕು.
2. ಸರಾಸರಿ ಕಂಡುಹಿಡಿದು ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ವಿವರಿಸಬೇಕು.
3. ಎರಡು ಸರಾಸರಿಗಳ ಸರಾಸರಿ ಯಾವಾಗಲೂ ಒಟ್ಟು ಸರಾಸರಿ ಆಗುವುದಿಲ್ಲ ಎಂದು ತೋರಿಸಬೇಕು.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆಯ ಹಂತದಲ್ಲಿ ಹಲಗೆಯ ಮೇಲೆ ನಾಲ್ಕೇ ಸಂಖ್ಯೆ ಬರೆದೆ: 10-6-6-5. ‘ಇದೇನು?’ ಎಂದೆ. ಹುಡುಗರು ಒಮ್ಮೆಲೇ ಬಾಯಿ ಬಿಟ್ಟರು. ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್! ಇದು 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಜೋಶಿ ಮಾಡಿದ ಬೌಲಿಂಗ್. ಎದುರಾಳಿಗಳು 117 ರನ್ನಿಗೆ ಆಲೌಟ್ ಆದರು.

ಕ್ರಿಕೆಟ್ ತಿಳಿಯದ ಮಕ್ಕಳನ್ನು, ಮುಖ್ಯವಾಗಿ ಹುಡುಗಿಯರನ್ನು, ತಿಳಿದವರ ಜೊತೆ ಸೇರಿಸಿ ಗುಂಪು ಮಾಡಿದೆ. ಮೇಡನ್ ಎಂದರೆ ರನ್ ಕೊಡದ ಓವರ್ ಎಂಬುದನ್ನು ಮಕ್ಕಳೇ ಪರಸ್ಪರ ಹೇಳಿಕೊಟ್ಟರು. ಅನ್ವೇಷಣೆಯ ಹಂತದಲ್ಲಿ ಗುಂಪುಗಳು ಕಂಡುಕೊಂಡದ್ದು ಇಷ್ಟು:

ಓವರಿಗೆ ರನ್: 6 ÷ 10 = 0.6
ವಿಕೆಟಿಗೆ ರನ್: 6 ÷ 5 = 1.2
ವಿಕೆಟಿಗೆ ಚೆಂಡು: 60 ÷ 5 = 12
ಮೇಡನ್ ಮತ್ತು ಒಟ್ಟು ಓವರ್‌ಗಳ ಅನುಪಾತ: 6 : 10 = 3 : 5

‘ಓವರಿಗೆ 0.6 ರನ್ ಅಂದರೆ ಯಾವುದಾದರೂ ಒಂದು ಓವರಿನಲ್ಲಿ 0.6 ರನ್ ಕೊಟ್ಟರೇ?’ ಎಂದು ಕೇಳಿದೆ. ತರಗತಿ ನಕ್ಕಿತು. ಆರು ಓವರಿನಲ್ಲಿ ಸೊನ್ನೆ, ಉಳಿದ ನಾಲ್ಕು ಓವರಿನಲ್ಲಿ ಸೇರಿ ಆರು ರನ್. ಸರಾಸರಿ ಯಾವ ಓವರಿನಲ್ಲೂ ನಡೆಯದ ಸಂಗತಿಯಾಗಿರಬಹುದು ಎಂಬುದನ್ನು ಮಕ್ಕಳು ಆಗಲೇ ಒಪ್ಪಿಕೊಂಡರು. ಪಠ್ಯಪುಸ್ತಕದ ವ್ಯಾಖ್ಯೆಯನ್ನು ಆ ಮೇಲಷ್ಟೇ ಬರೆದೆ.

ನಾನು ತಪ್ಪಿದ್ದು

ವಿಸ್ತರಣೆಗೆಂದು ಒಂದು ಲೆಕ್ಕ ಕೊಟ್ಟೆ: ‘ಒಬ್ಬ ಬೌಲರ್ 4.3 ಓವರ್ ಹಾಕಿ 27 ರನ್ ಕೊಟ್ಟರೆ ಓವರಿಗೆ ಎಷ್ಟು ರನ್?’ 27ನ್ನು 4.3ರಿಂದ ಭಾಗಿಸಿ, ಹತ್ತಿರದ ಬೆಲೆ 6.28 ಎಂದು ನಾನೇ ಹಲಗೆಯ ಮೇಲೆ ಬರೆದೆ.

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಕಬ್ಬಿನ ಕೆಲಸವಿದ್ದಾಗ ಶಾಲೆಗೆ ಬಾರದ, ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಒಂದು ಮಾತೂ ಆಡದ ಹುಡುಗ.

‘ಟೀಚರ್, ತಪ್ಪೈತ್ರಿ ಅದು. ಸರೀ ಆರು ಬರ್ತೈತಿ.’

‘ಹೇಗೆ?’

‘ನಾಕ್ ಓವರ್ ಮೂರ್ ಬಾಲ್ ಅಂದ್ರ ಇಪ್ಪತ್ತೇಳು ಬಾಲ್ ರೀ. ಕೊಟ್ಟಿದ್ದೂ ಇಪ್ಪತ್ತೇಳ ರನ್. ಬಾಲಿಗೊಂದ ಆತಲ್ರಿ. ಓವರಿಗೆ ಆರಾತು.’

ನನ್ನ ಮುಖ ಬೆಚ್ಚಗಾಯಿತು. ಹಿಂದೆ ಮಾರ್ಗದರ್ಶಕರು ಕುಳಿತಿದ್ದರು. ‘ನೋಡೋಣ, ಕುಳಿತುಕೋ’ ಎಂದು ಮುಂದೆ ಸಾಗಬಹುದಿತ್ತು. ಕ್ಷಣಕಾಲ ಬಾಯಿಗೆ ಅದೇ ಮಾತು ಬಂದಿತ್ತು. ಆದರೆ ಅವನು ಹೇಳಿದ್ದು ಸರಿ. ಓವರ್ ಬರೆಯುವಾಗ ಹಾಕುವ ಚುಕ್ಕೆ ದಶಮಾಂಶ ಬಿಂದುವಲ್ಲ. ಒಂದು ಓವರಿನಲ್ಲಿ ಆರು ಚೆಂಡು ಇರುವುದರಿಂದ 4.3 ಓವರ್ ಎಂದರೆ ನಾಲ್ಕೂವರೆ ಓವರ್. 27 ÷ 4.5 = 6. ಅವನ ಕೈಗೆ ಸೀಮೆಸುಣ್ಣ ಕೊಟ್ಟು ಹಲಗೆಯ ಮೇಲೆ ಬರೆಯಲು ಹೇಳಿದೆ. ಬರೆಯಲು ಅವನು ಹಿಂಜರಿದ. ಬಾಯಲ್ಲಿ ಹೇಳಿದ, ಪಕ್ಕದವನು ಬರೆದ. ನಾವು ಏಕಾಂಶ ಪದ್ಧತಿ ಎಂದು ಹೆಸರಿಟ್ಟು ಕಲಿಸುವುದನ್ನು ಅವನು ಹೆಸರಿಲ್ಲದೆ ಮಾಡಿದ್ದ. ಊರಿನ ಪಂದ್ಯಗಳಿಗೆ ಸ್ಕೋರ್ ಬರೆಯುವವನು ಅವನೇ ಎಂದು ಆಮೇಲೆ ತಿಳಿಯಿತು.

ಈ ತಪ್ಪಿನಿಂದ ಪಾಠ ಬೆಳೆಯಿತು. 2 ಗಂಟೆ 30 ನಿಮಿಷವನ್ನು 2.30 ಎಂದು ಬರೆದು ಭಾಗಿಸಬಹುದೇ ಎಂದು ಕೇಳಿದೆ. ‘ಅದೂ ಹಂಗ ರೀ’ ಎಂದು ನಾಲ್ಕೈದು ಧ್ವನಿಗಳು ಬಂದವು.

ಎರಡನೆಯ ಅವಧಿ

2000ದ ನವೆಂಬರಿನಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟನ್ನು ಢಾಕಾದಲ್ಲಿ ಭಾರತದ ವಿರುದ್ಧ ಆಡಿತು. ಅದರಲ್ಲಿ ಜೋಶಿ 92 ರನ್ ಗಳಿಸಿ, 142 ರನ್ನಿಗೆ 5 ಹಾಗೂ 27 ರನ್ನಿಗೆ 3 ವಿಕೆಟ್ ಪಡೆದು ಪಂದ್ಯಪುರುಷರಾದರು. ಮೊದಲ ಇನಿಂಗ್ಸ್‌ನ ಸರಾಸರಿ 28.4, ಎರಡನೆಯದು 9. ‘ಪಂದ್ಯದ ಸರಾಸರಿ ಎಷ್ಟು?’ ಹೆಚ್ಚಿನವರು ಎರಡನ್ನೂ ಕೂಡಿಸಿ ಅರ್ಧ ಮಾಡಿ 18.7 ಎಂದರು. ಒಟ್ಟು 169 ರನ್, 8 ವಿಕೆಟ್; 169 ÷ 8 = 21.125. ಯಾಕೆ ವ್ಯತ್ಯಾಸ ಬಂತು? ಐದು ವಿಕೆಟಿನ ಇನಿಂಗ್ಸ್‌ಗೂ ಮೂರು ವಿಕೆಟಿನ ಇನಿಂಗ್ಸ್‌ಗೂ ಸಮಾನ ತೂಕ ಕೊಟ್ಟದ್ದರಿಂದ ಎಂಬಲ್ಲಿಗೆ ಬರಲು ಹದಿನೈದು ನಿಮಿಷ ಹಿಡಿಯಿತು. ಆ ಹದಿನೈದು ನಿಮಿಷ ನಾನು ಸುಮ್ಮನಿದ್ದುದೇ ಈ ಪಾಠದಲ್ಲಿ ನಾನು ಮಾಡಿದ ಕಷ್ಟದ ಕೆಲಸ.

ಇನ್ನೊಂದು ಉದಾಹರಣೆ. 69 ಏಕದಿನ ಪಂದ್ಯಗಳಲ್ಲಿ ಜೋಶಿಯವರಿಗೆ 69 ವಿಕೆಟ್, ಅಂದರೆ ಪಂದ್ಯಕ್ಕೆ ಒಂದು. ನೈರೋಬಿಯ ಐದನ್ನು ತೆಗೆದರೆ 68 ಪಂದ್ಯಕ್ಕೆ 64. ಸರಾಸರಿ ನೋಡಿದವರಿಗೆ ನೈರೋಬಿ ಕಾಣುವುದೇ ಇಲ್ಲ.

ಆ ಢಾಕಾ ಪಂದ್ಯದ 17 ವರ್ಷಗಳ ನಂತರ ಅದೇ ಬಾಂಗ್ಲಾದೇಶಕ್ಕೆ ಜೋಶಿ ಕಲಿಸಲು ಹೋದರು ಎಂದಾಗ ಒಬ್ಬ ಹುಡುಗಿ ಕೇಳಿದಳು: ‘ಟೀಚರ್, ಅವ್ರು ಇವರ ಕಡೆ ಕಲ್ತು ನಮ್ಮವರನ್ನ ಸೋಲಿಸಿದ್ರ?’

ಒಳ್ಳೆಯ ಪ್ರಶ್ನೆ. 2018ರ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ಬಾಂಗ್ಲಾದೇಶವನ್ನು ಮಣಿಸಿದ್ದು ಕೊನೆಯ ಚೆಂಡಿನಲ್ಲಿ. ಫುಟ್‌ಬಾಲ್‌ನಲ್ಲಂತೂ ಸೋಲೇ ಆಯಿತು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗ ಅದರ ಮೊದಲ ತರಬೇತುದಾರರಾಗಿದ್ದ ಇಂಗ್ಲೆಂಡಿನ ಆ್ಯಷ್ಲಿ ವೆಸ್ಟ್‌ವುಡ್ ಎರಡು ಬಾರಿ ಐ-ಲೀಗ್ ಗೆಲ್ಲಿಸಿದರು. ಆ ತಂಡದ ನಾಯಕ ಸುನಿಲ್ ಛೆಟ್ರಿ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಅದೇ ವೆಸ್ಟ್‌ವುಡ್ ತರಬೇತಿಯ ಅಫ್ಘಾನಿಸ್ತಾನ ಭಾರತವನ್ನು 2-1ರಿಂದ ಸೋಲಿಸಿತು. ಛೆಟ್ರಿಗೆ ಅದು 150ನೆಯ ಅಂತರರಾಷ್ಟ್ರೀಯ ಪಂದ್ಯ. ಕಲಿಸುವವರು ಎದುರಿಗೆ ಕುಳಿತವರಿಗೆ ಪೂರ್ತಿ ಕಲಿಸಬೇಕು, ಯಾವ ಊರಿನವರೆಂದು ನೋಡಿ ಅರ್ಧ ಕಲಿಸಲಾಗದು ಎಂದೆ. ಎಲ್ಲರೂ ಒಪ್ಪಲಿಲ್ಲ. ಒಪ್ಪಿಸಲು ನಾನೂ ಹೋಗಲಿಲ್ಲ.

ಹೊಡೆದು ಹಾಕಿದ ವಾಕ್ಯ

ನನ್ನ ಪಾಠ ಯೋಜನೆಯಲ್ಲಿ ಒಂದು ವಾಕ್ಯವಿತ್ತು: ‘ಜೋಶಿ ಕಲಿಸಿದ್ದರಿಂದ ಬಾಂಗ್ಲಾದೇಶ ಗೆದ್ದಿತು.’ ಆಧಾರವೂ ಇದೆ ಎಂದುಕೊಂಡಿದ್ದೆ. 2017ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶ ಆಸ್ಟ್ರೇಲಿಯಾ ವಿರುದ್ಧ ಮೊದಲ ಬಾರಿಗೆ ಟೆಸ್ಟ್ ಗೆದ್ದಿತು. ಶಕೀಬ್ ಅಲ್ ಹಸನ್ 10 ವಿಕೆಟ್ ಪಡೆದರು. 2018ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಎರಡು ಟೆಸ್ಟ್‌ಗಳಲ್ಲಿ 40 ವಿಕೆಟ್‌ಗಳೂ ಸ್ಪಿನ್ನರುಗಳ ಪಾಲಾದವು. 17 ವರ್ಷದ ನಯೀಮ್ ಹಸನ್ ಮೊದಲ ಟೆಸ್ಟ್‌ನಲ್ಲೇ ಐದು ವಿಕೆಟ್ ಪಡೆದ.

ಮಾರ್ಗದರ್ಶಕರು ಆ ವಾಕ್ಯವನ್ನು ಹೊಡೆದು ಹಾಕಿ, ‘ಒಂದರ ನಂತರ ಇನ್ನೊಂದು ಆಯಿತು ಎಂದರೆ ಅದರಿಂದಲೇ ಆಯಿತೇ?’ ಎಂದು ಕೇಳಿದರು. ಶಕೀಬ್ ಅದಕ್ಕೆ ಮೊದಲೇ ಹೆಸರಾಂತ ಬೌಲರ್. ಢಾಕಾದ ಪಿಚ್ ಸ್ಪಿನ್ನಿಗೆ ನೆರವಾಗುತ್ತದೆ. ಇವುಗಳಿಂದ ತರಬೇತುದಾರರ ಪಾಲನ್ನು ಬೇರ್ಪಡಿಸುವ ಲೆಕ್ಕ ಸ್ಕೋರ್‌ಕಾರ್ಡಿನಲ್ಲಿ ಇಲ್ಲ. ಅಲ್ಲಿ ತರಬೇತುದಾರರಿಗೆ ಒಂದು ಕಾಲಮ್ಮೂ ಇಲ್ಲ. ಅವರ ಕೆಲಸಕ್ಕೆ ಭರವಸೆಯೂ ಕಡಿಮೆ. ಕರ್ನಾಟಕದವರೇ ಆದ ದೊಡ್ಡ ಗಣೇಶ್ 2024ರ ಆಗಸ್ಟ್‌ನಲ್ಲಿ ಕೀನ್ಯಾ ತಂಡದ ಮುಖ್ಯ ತರಬೇತುದಾರರಾದರು. ಸುಮಾರು ಒಂದು ತಿಂಗಳಲ್ಲೇ ಅಲ್ಲಿನ ಮಂಡಳಿ ಆ ನೇಮಕವನ್ನು ರದ್ದುಮಾಡಿತು.

ಶಿಕ್ಷಕರ ಕೆಲಸವೂ ಇದಕ್ಕೆ ಹತ್ತಿರ. ಆ ಹುಡುಗ ಎದ್ದು ನಿಂತು ಮಾತಾಡಿದ್ದು ನನ್ನ ಪಾಠದಿಂದ ಎಂದು ಬರೆದುಕೊಳ್ಳಲು ಆಸೆಯಾಗುತ್ತದೆ. ಆದರೆ ಲೆಕ್ಕವನ್ನು ಅವನು ಹೊಲದಲ್ಲಿ ಕಲಿತು ಬಂದಿದ್ದ. ಅದನ್ನು ಹೇಳಲು ತರಗತಿಯಲ್ಲಿ ಒಂದು ಜಾಗ ಸಿಕ್ಕಿತು, ಅಷ್ಟೇ.

ಮೌಲ್ಯಮಾಪನ ಮತ್ತು ಸಲಹೆಗಳು

ಘಟಕ ಪರೀಕ್ಷೆಯಲ್ಲಿ ದರದ ಲೆಕ್ಕಗಳನ್ನು ಹೆಚ್ಚಿನವರು ಸರಿಯಾಗಿ ಮಾಡಿದರು. ಸರಾಸರಿಗಳ ಸರಾಸರಿಯಲ್ಲಿ ಅರ್ಧದಷ್ಟು ಮಕ್ಕಳು ಮತ್ತೆ ಎಡವಿದರು. ಅದಕ್ಕೆ ಇನ್ನೂ ಒಂದು ಅವಧಿ ಬೇಕಿತ್ತು. ಕೊನೆಯ ಬೆಂಚಿನ ಹುಡುಗನಿಗೆ ಒಟ್ಟು ಅಂಕ ಹೆಚ್ಚು ಬರಲಿಲ್ಲ. ಬರೆಯುವುದು ಅವನಿಗೆ ಇನ್ನೂ ಕಷ್ಟ. ಆದರೆ ಆ ಕಠಿಣ ಲೆಕ್ಕವನ್ನು ಅವನು ಬಿಡಿಸಿದ್ದ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಮೂರು ಮಾತು. ಮಕ್ಕಳ ಆಟದಿಂದ ಉದಾಹರಣೆ ಆರಿಸುವ ಮೊದಲು ಆ ಆಟ ಬಲ್ಲ ಒಬ್ಬ ವಿದ್ಯಾರ್ಥಿಗೆ ಲೆಕ್ಕ ತೋರಿಸಿರಿ. ಕ್ರಿಕೆಟ್ ಆಡದ ಮಕ್ಕಳಿಗೆ ಹಾಲಿನ ಡೈರಿಯ ಚೀಟಿಯಂಥ ಇನ್ನೊಂದು ಉದಾಹರಣೆ ಸಿದ್ಧವಿರಲಿ; ನಾನು ಅದನ್ನು ಇಟ್ಟುಕೊಳ್ಳಲಿಲ್ಲ, ಮುಂದಿನ ಸಾಲಿನ ಇಬ್ಬರು ಹುಡುಗಿಯರು ಎರಡೂ ಅವಧಿ ಹೆಚ್ಚು ಮಾತಾಡಲಿಲ್ಲ. ಮಗು ನಿಮ್ಮ ತಪ್ಪು ತೋರಿಸಿದರೆ ಸೀಮೆಸುಣ್ಣವನ್ನು ಅದರ ಕೈಗೆ ಕೊಡಿರಿ.

ಈ ಪಾಠದ ನಂತರ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು: ‘4.3ರ ಲೆಕ್ಕವನ್ನು ಮುಂದಿನ ವರ್ಷವೂ ಕೊಡಿ.’