ಗಾಳಿಯಿಂದ ಹಸುರು ಜಲಜನಕ: ಅನುಮತಿಗೆ ಮುನ್ನ ಮಾಡಬೇಕಾದ ಲೆಕ್ಕ

ಹಟ್ಟಿಯ ಚಿನ್ನದ ಗಣಿಯನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಬಂಡೆಯ ಮಾದರಿಗಳನ್ನು ತೆಗೆದು, ಒಂದು ಟನ್ ಅದಿರಿನಲ್ಲಿ ಎಷ್ಟು ಗ್ರಾಂ ಚಿನ್ನವಿದೆಯೆಂದು ಪರೀಕ್ಷಿಸಿದ ಮೇಲಲ್ಲದೆ ಯಾರೂ ಹೊಸ ಸುರಂಗವನ್ನು ತೋಡಲು ಹೊರಡುವುದಿಲ್ಲ. (ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬವರೂ ಚಿನ್ನದ ಗಣಿಯ ಎಂಜಿನಿಯರರೇ, ಅದು ಬೇರೆಯ ಕಥೆ.) ಗಾಳಿಯಿಂದ ವಿದ್ಯುತ್ತನ್ನೂ ಆ ವಿದ್ಯುತ್ತಿನಿಂದ ಜಲಜನಕವನ್ನೂ ಪಡೆಯುವ ಯೋಜನೆಗಳಿಗೆ ಇದೇ ನಿಯಮವು ಅನ್ವಯಿಸುತ್ತದೆ.

ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಅದು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದನ್ನು ನಾವು ಶಾಲೆಯ ಪ್ರಯೋಗಶಾಲೆಯಲ್ಲಿ ನೋಡಿದ್ದೇವೆ. ಆ ವಿದ್ಯುತ್ತು ಗಾಳಿಯಿಂದಲೋ ಬಿಸಿಲಿನಿಂದಲೋ ಬಂದುದಾದರೆ, ದೊರೆತ ಅನಿಲಕ್ಕೆ ಹಸುರು ಜಲಜನಕವೆಂದು ಹೆಸರು. ಇದಕ್ಕೆ ಭಾರತ ಸರ್ಕಾರವು 2023ರಲ್ಲಿ ಒಂದು ಅಳತೆಯನ್ನೂ ಗೊತ್ತುಮಾಡಿತು: 1 ಕಿಲೋಗ್ರಾಂ ಜಲಜನಕದ ತಯಾರಿಕೆಯಲ್ಲಿ ಹೊರಬೀಳುವ ಅನಿಲಗಳು 2 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದುದನ್ನು ಮೀರಬಾರದು. ಇಷ್ಟೆಲ್ಲ ಮಾಡಿ ಪಡೆದ ಜಲಜನಕವು ಯಾರಿಗೆ ಬೇಕು? ಸಿಂಧನೂರಿನ ಬತ್ತದ ಗದ್ದೆಗೆ ಹಾಕುವ ಯೂರಿಯದ ಮೂಲವು ಅಮೋನಿಯ. ಅಮೋನಿಯದ ಮೂಲವು ಜಲಜನಕ. ಇಂದು ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ.

ಮೊದಲನೆಯ ಲೆಕ್ಕವು ಗಾಳಿಯದು. ಗಾಳಿಯ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವು ಸೆಕೆಂಡಿಗೆ 6 ಮೀಟರಿನಿಂದ 7 ಮೀಟರಿಗೆ ಏರಿತೆನ್ನೋಣ. ಶಕ್ತಿಯು 216 ಪಾಲಿನಿಂದ 343 ಪಾಲಿಗೆ ಏರುತ್ತದೆ, ಅಂದರೆ ಒಂದೂವರೆ ಪಟ್ಟಿಗೂ ಮಿಗಿಲು. ಆದುದರಿಂದ ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ಯೋಜನೆಯೇ ತಲೆಕೆಳಗಾದೀತು. ನಮ್ಮ ಬಯಲುಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯು ಬಲವಾಗಿ ಬೀಸಿ, ಅನಂತರ ಕುಗ್ಗುತ್ತದೆ. ಕಡಲಿನ ಮೇಲಾದರೋ ತಡೆಯುವ ಗುಡ್ಡವಿಲ್ಲ, ಮರವಿಲ್ಲ. ಅಲ್ಲಿನ ಗಾಳಿಗೆ ವೇಗವೂ ಹೆಚ್ಚು, ಸ್ಥಿರತೆಯೂ ಹೆಚ್ಚು. ಡೆನ್ಮಾರ್ಕಿನವರು 1991ರಲ್ಲಿಯೇ ವಿಂಡೆಬಿ ಎಂಬಲ್ಲಿ 11 ಯಂತ್ರಗಳನ್ನು ಕಡಲಿನಲ್ಲಿ ನೆಟ್ಟರು. ನಮ್ಮ ದೇಶವು ಇದಕ್ಕೆ ಮೊದಲು ಆರಿಸಿಕೊಂಡುದು ಗುಜರಾತ್ ಮತ್ತು ತಮಿಳುನಾಡುಗಳ ಕಡಲನ್ನು. ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯು 2017ರಲ್ಲಿ ಖಂಭಾತ್ ಕೊಲ್ಲಿಯಲ್ಲಿ, ಲೇಸರ್ ಕಿರಣದಿಂದ ಗಾಳಿಯ ವೇಗವನ್ನಳೆಯುವ ಉಪಕರಣವನ್ನು ನಿಲ್ಲಿಸಿತು. ಇನ್ನೂ ಒಂದು ಯಂತ್ರವೂ ಏಳುವ ಮುನ್ನ ನಡೆದ ಕೆಲಸವಿದು.

ಕಡಲಿಗೆ ಪಹಣಿಯಿಲ್ಲ. ಅಲ್ಲಿ ಯಂತ್ರವನ್ನು ನಿಲ್ಲಿಸಲು ಕೇಂದ್ರ ಸರ್ಕಾರದಿಂದಲೇ ಗುತ್ತಿಗೆ ಪಡೆಯಬೇಕು. 2015ರ ನೀತಿಯೂ 2023ರ ನಿಯಮಗಳೂ ಇದರ ಕ್ರಮವನ್ನು ಹೇಳುತ್ತವೆ. ರಕ್ಷಣಾ ಇಲಾಖೆ, ಹಡಗುಗಳ ಇಲಾಖೆ, ಪರಿಸರ ಇಲಾಖೆ ಮೊದಲಾದವು ಒಪ್ಪಬೇಕು. ರಡಾರಿಗೆ ಅಡ್ಡಿಯಾಗುವುದೇ? ಹಡಗಿನ ದಾರಿ ಎಲ್ಲಿದೆ? ಮೀನುಗಾರರು ಬಲೆ ಬೀಸುವುದೆಲ್ಲಿ? ಅನುಮತಿಗಳನ್ನು ಬರಿಯ ಕಾಗದದ ಕಾಟವೆಂದು ಹಳಿಯುವವರುಂಟು. ಆದರೆ ಒಂದೊಂದು ಅನುಮತಿಯೂ ಅಳೆದು ಉತ್ತರ ಕೊಡಬೇಕಾದ ಒಂದು ಪ್ರಶ್ನೆಯೆಂದು ನಾವು ತಿಳಿಯುತ್ತೇವೆ. ಕಡಲತೀರದಲ್ಲಿ ನೀರಿನ ಪ್ರಶ್ನೆಯಂತೂ ಸುಲಭವೇ. 1 ಘನಮೀಟರ್ ಸಮುದ್ರದ ನೀರಿನ ಉಪ್ಪನ್ನು ತೆಗೆಯಲು 3-4 ಯೂನಿಟ್ ಸಾಕು; ಅಷ್ಟು ನೀರನ್ನು ಒಡೆಯಲು 6,000 ಯೂನಿಟ್ ಬೇಕು.

ಒಳನಾಡಿನಲ್ಲಿಯೇ ನೀರು ದೊಡ್ಡ ಮಾತಾಗುವುದು. ಲಿಂಗಸುಗೂರು ಸೀಮೆಯಲ್ಲಿ 100 ಮೆಗಾವಾಟಿನ ಗಾಳಿಯಂತ್ರಗಳನ್ನೂ ಜಲಜನಕದ ಕಾರ್ಖಾನೆಯನ್ನೂ ನಿಲ್ಲಿಸುವೆವೆಂದು ಕಲ್ಪಿಸಿಕೊಳ್ಳೋಣ. ನೆಲ ಯಾರದು, ಅರಣ್ಯವಾದರೆ 1980ರ ಕಾಯಿದೆ ಏನೆನ್ನುತ್ತದೆ, ಗೋಪುರದ ಎತ್ತರವು ವಿಮಾನಗಳಿಗೆ ತೊಡಕೇ ಎಂಬುವನ್ನು ವಿಚಾರಿಸಬೇಕು. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲು ಬೆರೆತ ಜಲಜನಕವು ಕಿಡಿ ತಾಗಿದೊಡನೆ ಹೊತ್ತಿಕೊಳ್ಳುವುದರಿಂದ, ಅನಿಲವನ್ನು ತುಂಬಿಡುವುದಕ್ಕೆ ಸ್ಫೋಟಕಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಇಲಾಖೆಯ ಒಪ್ಪಿಗೆಯೂ ಬೇಕು.

ಇನ್ನು ನೀರು. ಯಂತ್ರಗಳು ತಮ್ಮ ಪೂರ್ಣ ಸಾಮರ್ಥ್ಯದ ನೂರಕ್ಕೆ 35ರಷ್ಟು ದುಡಿದರೆ ವರ್ಷಕ್ಕೆ ಸುಮಾರು 30 ಕೋಟಿ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಕಿಲೋಗ್ರಾಮಿಗೆ 55 ಯೂನಿಟ್ಟಿನಂತೆ ಜಲಜನಕವು ಸುಮಾರು 5,500 ಟನ್. ರಸಾಯನಶಾಸ್ತ್ರದ ಪ್ರಕಾರ 1 ಕಿಲೋಗ್ರಾಂ ಜಲಜನಕಕ್ಕೆ 9 ಲೀಟರ್ ನೀರು. ಶುದ್ಧೀಕರಣಕ್ಕೂ ತಣಿಸುವುದಕ್ಕೂ ಸೇರಿಸಿ ಅದರ ಮೂರರಷ್ಟನ್ನು, ಅಂದರೆ 27 ಲೀಟರನ್ನು ಹಿಡಿಯೋಣ. ವರ್ಷಕ್ಕೆ ಸುಮಾರು 1,50,000 ಘನಮೀಟರ್ ಆಯಿತು. ಕೇಳಲು ಭಯಂಕರವಾದ ಸಂಖ್ಯೆ! ಆದರೆ ಒಂದು ಹೆಕ್ಟೇರು ಬತ್ತದ ಬೆಳೆಗೆ ಸುಮಾರು 12,000 ಘನಮೀಟರ್ ನೀರು ಬೇಕು. ಅಲ್ಲಿಗೆ ಈ ಕಾರ್ಖಾನೆಯು ವರ್ಷವಿಡೀ ಕುಡಿಯುವುದು ಮೂವತ್ತು ಎಕರೆಯ ಒಂದು ಬೆಳೆಯ ನೀರನ್ನು ಮಾತ್ರ.

ಹಾಗಾದರೆ ರೈತನು ಅಂಜಬೇಕಾದುದಿಲ್ಲವೇ? ಲೆಕ್ಕದಲ್ಲಿ ಇನ್ನೊಂದು ಅಂಕಣವುಂಟು: ತಿಂಗಳು. ಬೇಸಗೆಯಲ್ಲಿ ಕಾಲುವೆಗೆ ನೀರು ನಿಲ್ಲುತ್ತದೆ. ಹರಿಯುವ ಕಾಲದಲ್ಲಿಯೂ ಕೊನೆಯಂಚಿನ ಹೊಲಕ್ಕೆ ಅದು ತಲಪುವುದು ಕಷ್ಟ. ಕಾರ್ಖಾನೆಗೋ ಏಪ್ರಿಲಿನಲ್ಲಿಯೂ ನೀರು ಬೇಕು. ಅದು ಆ ತಿಂಗಳು ಕೊಳವೆಬಾವಿಗೆ ಕೈಹಾಕಿದರೆ ಸುತ್ತಲಿನ ಊರುಗಳ ಕುಡಿಯುವ ನೀರಿಗೇ ಸಂಚಕಾರ. ನಾಲ್ಕು ತಿಂಗಳಿಗೆ 50,000 ಘನಮೀಟರ್ ಬೇಕು: ಒಂದು ಹೆಕ್ಟೇರು ಅಗಲ, 5 ಮೀಟರ್ ಆಳದ ಕೆರೆ. ಬಿಸಿಲಿಗೆ ಆವಿಯಾಗುವುದಕ್ಕೆಂದು ಇನ್ನಷ್ಟು ಆಳ ಬೇಕಾದೀತು. ಅರ್ಜಿಯೊಡನೆ ಈ ಕೆರೆಯ ನಕ್ಷೆಯಿದೆಯೇ, ಅದನ್ನು ಮಳೆಗಾಲದ ಯಾವ ವಾರಗಳಲ್ಲಿ ತುಂಬುವರೆಂಬುದು ಬರೆದಿದೆಯೇ ಎಂಬುದನ್ನು ಗ್ರಾಮಸಭೆಯಲ್ಲಿ ಕುಳಿತವರು ಮೊದಲು ಕೇಳಬೇಕು.