ನಡುವೆ ಬಂದ್ ಬೀಳುವ ಹಳೆ ಚೈನ್‌ಸಾ: ಬಿಚ್ಚುವ ಮೊದಲು ಇಷ್ಟು ನೋಡಿ

ನಮ್ಮ ದುಮ್ಮವಾಡದ ಕಡೆ ಈಗ ಕೊಡಲಿ ಹಿಡಿದು ಗಿಡ ಕಡಿಯುವ ಆಳು ಸಿಗೋದು ಕಷ್ಟ. ಕಾಯಿ ಇಳಿಸಿದ ಮೇಲೆ ಮಾವಿನ ಟೊಂಗಿ ಸವರಲು, ಬದುವಿನ ಜಾಲಿ ತೆಗೆಯಲು, ನೀಲಗಿರಿ ಕೊಯ್ಯಲು ಚೈನ್‌ಸಾ ಬೇಕೇ ಬೇಕು. ಹೊಸದಕ್ಕೆ ರೊಕ್ಕ ಸಾಲದೆ ಹಲವರು ಹಳೆಯದನ್ನೇ ಕೊಳ್ಳುತ್ತೇವೆ. ನನ್ನದೂ ಹಳೆಯದೇ. ಇವುಗಳ ದೊಡ್ಡ ಕಾಟವೆಂದರೆ, ಮುಂಜಾನೆ ಒಂದೇ ಎಳೆತಕ್ಕೆ ಚಾಲೂ ಆಗಿ ಹದಿನೈದು ನಿಮಿಷಕ್ಕೆ ಬಂದ್ ಬೀಳೋದು. ಆಳುಗಳು ಸುಮ್ಮನೆ ಕೂತಿರತಾರ, ಪಗಾರ ಮಾತ್ರ ಓಡತದ. ಅಂಗಡಿಗೆ ಒಯ್ದರೆ ಬಹಳ ಸಲ ಸಿಗುವ ಉತ್ತರ ಒಂದೇ: 'ಕಾರ್ಬೋರೇಟರ್ ಬದಲಿಸ್ರಿ.' ಅದು ಕೊನೆಗೆ ಮಾಡುವ ಕೆಲಸ.

ಮೊದಲು ಗಿಡದಿಂದ ದೂರ ಸರಿಯಿರಿ

ಅರ್ಧ ಕೊಯ್ದ ಗಿಡದ ಬುಡದಲ್ಲಿ ಕೂತು ಮಷೀನು ರಿಪೇರಿ ಮಾಡಬಾರದು. ಗಿಡದ ಎತ್ತರದ ಎರಡು ಪಟ್ಟು ದೂರ ಹೋಗಿ. ಆ ಕಡೆ ಮಂದಿ, ದನ ಸುಳಿಯದಂತೆ ಒಬ್ಬರನ್ನು ನಿಲ್ಲಿಸಿ. ಚೈನಿಗೆ ಕೈ ಹಚ್ಚುವ ಮೊದಲು ಪ್ಲಗ್ಗಿನ ಟೊಪ್ಪಿಗೆ ಕಿತ್ತಿಡಿ.

ಬಿಸಿ ಇರುವಾಗಲೇ ಮೂರು ಪರೀಕ್ಷೆ

ಎಂಜಿನ್ನಿಗೆ ಬೇಕಾದ್ದು ನಾಲ್ಕು: ಪೆಟ್ರೋಲು, ಗಾಳಿ, ಕಿಡಿ, ಹೊಗೆ ಹೋಗಲು ದಾರಿ. ಯಾವುದು ತಪ್ಪಿತು ಅನ್ನೋದು ನಿಂತ ಕೂಡಲೇ ನೋಡಿದರೆ ತಿಳಿಯುತ್ತದೆ. ಆರಿದ ಮೇಲೆ ದೋಷ ಅಡಗಿಬಿಡತದ.

1. ಟ್ಯಾಂಕಿನ ಮುಚ್ಚಳ ನಿಧಾನ ಸಡಿಲಿಸಿ. ಒಳಗೆ ಗಾಳಿ ಸುಯ್ಯೆಂದು ಎಳೆದುಕೊಂಡು, ಮುಚ್ಚಳ ಮತ್ತೆ ಬಿಗಿದ ಮೇಲೆ ಮಷೀನು ಚಾಲೂ ಆದರೆ, ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ದಾರಿ ಕಟ್ಟಿದೆ. ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಮೇಲೆ ಏರುವುದಿಲ್ಲ. ಆ ದಾರಿಯ ಮರದ ಪುಡಿ, ಮಣ್ಣು ತೆಗೆದರೆ ಸಾಕು. ಖರ್ಚಿಲ್ಲದ ರಿಪೇರಿ ಇದು.

2. ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಿದ್ದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲು ಹೆಚ್ಚಾಗಿದೆ.

3. ಮುಚ್ಚಳ ಬಿಗಿದು, ಚೆಲ್ಲಿದ್ದು ಒರೆಸಿ, ಪ್ಲಗ್ಗನ್ನು ಟೊಪ್ಪಿಗೆಯೊಳಗೆ ಕೂಡಿಸಿ, ಪ್ಲಗ್ಗಿನ ತೂತಿನಿಂದ ದೂರ ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಿರಿ. ಸ್ವಿಚ್ ಚಾಲೂ ಇರಲಿ. ಬಿಸಿಯಲ್ಲಿ ಕಿಡಿ ಇಲ್ಲ, ಆರಿದ ಮೇಲೆ ಇದೆ ಅಂದರೆ ಸಂಶಯ ಕಾಯಿಲ್ ಮೇಲೆ. ಅದಕ್ಕೂ ಮೊದಲು ಹೊಸ ಪ್ಲಗ್ ಹಾಕಿ, ಅರ್ಧ ಮಿಲಿಮೀಟರ್ ಸಂದು ಇಟ್ಟು ನೋಡಿ. ಸ್ವಿಚ್ಚಿನ ವಾಯರ್ ಸವೆದು ಲೋಹಕ್ಕೆ ತಾಗಿದರೂ ಕಿಡಿ ಸಾಯುತ್ತದೆ.

ನಿಲ್ಲುವ ರೀತಿಯಿಂದ ದೋಷ ತಿಳಿಯಿರಿ

ಸುಮ್ಮನಿದ್ದಾಗ ಓಡಿ, ಮರಕ್ಕೆ ಹಚ್ಚಿದಾಗ ನಿಂತರೆ ಪೆಟ್ರೋಲು ಸಾಲುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರನ್ನು ಕೊಕ್ಕೆ ತಂತಿಯಿಂದ ಹೊರಗೆಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ. ಪೈಪನ್ನು ಬಾಗಿಸಿದರೆ ಸೀಳು ಕಾಣುತ್ತದೆ. ಎರಡೂ ಸರಿಯಿದ್ದರೆ ಮಾತ್ರ ಕಾರ್ಬೋರೇಟರ್. ಬೈಕಿನದರಂತೆ ಇದರಲ್ಲಿ ತೇಲುವ ಬುರುಡೆ ಇಲ್ಲ. ತೆಳು ಪರದೆಯೊಂದು ಮೇಲೆ ಕೆಳಗೆ ಆಡಿ ಪೆಟ್ರೋಲು ಬಿಡುತ್ತದೆ. ಅದಕ್ಕೇ ಮಷೀನು ಅಡ್ಡ ಹಿಡಿದರೂ ಓಡತದ. ಈ ಪರದೆ ಅರಿವೆಯಂತೆ ಮೆತ್ತಗಿರಬೇಕು. ಬಿರುಸಾಗಿದ್ದರೆ ಪರದೆಯ ಕಿಟ್ ಒಂದೇ ತಂದು ಹಾಕಿ. ಇಡೀ ಕಾರ್ಬೋರೇಟರ್ ಬೇಕಿಲ್ಲ.

ಶಕ್ತಿ ಕುಂದುತ್ತಾ ಹೊಗೆಯಾಡಿ ನಿಂತರೆ ಏರ್ ಫಿಲ್ಟರ್ ನೋಡಿ. ಸೈಲೆನ್ಸರಿನ ಜಾಳಿಗೆಯಲ್ಲಿ ಮಸಿ ಕಟ್ಟಿದ್ದರೂ ಹೀಗೇ ಆಗುತ್ತದೆ.

ನಿಲ್ಲುವ ಮೊದಲು ತಾನೇ ಜೋರಾಗಿ ಕೂಗಿದರೆ ಎಚ್ಚರ! ಪೆಟ್ರೋಲು ಕಡಿಮೆಯಾಗಿದೆ, ಇಲ್ಲವೇ ಸೀಲ್ ಹೋಗಿ ಎಲ್ಲೋ ಗಾಳಿ ಎಳೆಯುತ್ತಿದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆಗೆ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಪಿಸ್ಟನ್ ಹಿಡಿಯುತ್ತದೆ. ಸೈಲೆನ್ಸರ್ ಬಿಚ್ಚಿ ತೂತಿನಲ್ಲಿ ಇಣುಕಿ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಂಡರೆ ಮುಂದೆ ಓಡಿಸಬೇಡಿ.

ಎಂಜಿನ್ನಿನ ದೋಷವೇ ಇಲ್ಲದೆಯೂ ನಿಲ್ಲಬಹುದು. ಕೊಯ್ದಾಗ ಚಕ್ಕೆ ಬರದೆ ಹಿಟ್ಟಿನಂಥ ಪುಡಿ ಬಂದರೆ ಚೈನು ಮೊಂಡಾಗಿದೆ. ಚೈನು ಅತಿ ಬಿಗಿಯಿದ್ದರೂ, ಬಾರಿಗೆ ಎಣ್ಣೆ ಬಾರದಿದ್ದರೂ ಎಂಜಿನ್ನಿಗೆ ಹೊರೆ ಹೆಚ್ಚುತ್ತದೆ.

ಈಗಿನ ಪೆಟ್ರೋಲಿನ ವಿಷಯ

2023ರಿಂದ ಬಂಕುಗಳಿಗೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಕಬ್ಬು, ಗೋವಿನಜೋಳ ಬೆಳೆಯುವ ನಮಗೆ ಎಥೆನಾಲ್ ಬೇಡವಾದ ಮಾತಲ್ಲ. ಆದರೆ ಹಳೆ ಮಷೀನಿನ ರಬ್ಬರ್ ಪೈಪು, ಪರದೆ ಇದಕ್ಕಾಗಿ ಮಾಡಿದವಲ್ಲ. ಬೇಗ ಬಿರುಸಾಗುತ್ತವೆ, ಇಲ್ಲವೇ ಉಬ್ಬುತ್ತವೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ನೀರು, ಎಥೆನಾಲ್ ಕೂಡಿ ಕೆಳಗೆ ಇಳಿಯುತ್ತವೆ. ಫಿಲ್ಟರ್ ಇರುವುದೂ ತಳದಲ್ಲೇ. ನಮ್ಮ ಅರೆಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಆಗತದ. ಹಾಗಾಗಿ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಕೆಲಸ ಮುಗಿದು ಮಷೀನು ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ತಾನೇ ನಿಲ್ಲುವ ತನಕ ಓಡಿಸಿ.

ಎಣ್ಣೆಯ ಅಳತೆ ಕೈಪಿಡಿಯಲ್ಲಿ ಇದ್ದಂತೆಯೇ ಇರಲಿ. 1:50 ಎಂದರೆ ಲೀಟರಿಗೆ 20 ಮಿಲಿ, 1:25 ಎಂದರೆ 40 ಮಿಲಿ. ಅಂದಾಜಿನಲ್ಲಿ ಸುರಿಯುವ ಬದಲು ಔಷಧ ಬಾಟಲಿಯ ಅಳತೆ ಮುಚ್ಚಳ ಒಂದನ್ನು ಇದಕ್ಕೇ ಬೇರೆ ಇಡಿ.

ನನ್ನ ಕ್ರಮ ಇಷ್ಟೇ: ಮುಚ್ಚಳ, ಪ್ಲಗ್ಗು, ಫಿಲ್ಟರ್, ಪೈಪು, ಪರದೆ, ಕಾಯಿಲ್. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ. ಪಿಸ್ಟನ್ ಗೀರು ಬಿದ್ದಿದ್ದರೆ ಮಾತ್ರ ರಿಪೇರಿಯೋ ಹೊಸ ಮಷೀನೋ ಎಂದು ಲೆಕ್ಕ ಹಾಕಿ. ಉಳಿದ ದೋಷ ಯಾವುದಕ್ಕೂ ಹಳೆ ಮಷೀನನ್ನು ಗುಜರಿಗೆ ಹಾಕಬೇಕಿಲ್ಲ.