ಭರತದ ಹೊತ್ತು ನೋಡಿ ಹೊರಡು

ದುರ್ಬೀನು ಕೊಂಡೆ ಅಂತ ಕೇಳಿದೆ. ಒಳ್ಳೆಯದಾಯಿತು. ಎಂಟು ಪಟ್ಟಿನದು ಕೊಂಡದ್ದು ಇನ್ನೂ ಒಳ್ಳೆಯದು. ಕಡಲ ಗಾಳಿಗೆ ನಿಂತು ಹದಿನಾರು ಪಟ್ಟಿನದನ್ನು ಹಿಡಿದರೆ ಹಕ್ಕಿಗಿಂತ ನಿನ್ನ ಕೈಯ ನಡುಕವೇ ದೊಡ್ಡದಾಗಿ ಕಾಣುತ್ತದೆ. ಮಂಗಳೂರಿನ ಅಳಿವೆ ಬಾಗಿಲಿನ ಸುತ್ತ ಹಕ್ಕಿ ನೋಡಲು ಒಳ್ಳೆಯ ಜಾಗ ಯಾವುದು ಅಂತ ಕೇಳಿದ್ದೀಯಲ್ಲ, ಹೇಳುತ್ತೇನೆ ಮಾರಾಯ. ಆದರೆ ಇಲ್ಲಿನ ಜಾಗಗಳು ದಿನಕ್ಕೆ ಎರಡು ಸಲ ಮುಳುಗಿ ಎರಡು ಸಲ ಏಳುತ್ತವೆ. ಬೆಳಗಾತ ಹಕ್ಕಿಗಳಿಂದ ತುಂಬಿದ್ದ ಹೊಯ್ಗೆ ದಿಬ್ಬ ನೀನು ತಿಂಡಿ ಮುಗಿಸಿ ಹೋಗುವಷ್ಟರಲ್ಲಿ ನೀರಿನಡಿ ಇರಬಹುದು. ಆಗ ‘ಅಲ್ಲಿ ಏನೂ ಇಲ್ಲ, ಸುಮ್ಮನೆ ಹೇಳಿದರು’ ಅನ್ನುತ್ತೀ. ಹಾಗಾಗಿ ಮೊದಲು ನೀರಿನ ಲೆಕ್ಕ.

ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಇವತ್ತಿಗಿಂತ ನಾಳೆ ಹೆಚ್ಚುಕಡಿಮೆ 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ; ಅಷ್ಟಮಿಯ ಹೊತ್ತಿಗೆ ಎರಡೂ ಸಪ್ಪೆ. ಮೊಬೈಲಿನಲ್ಲಿ ಹೊತ್ತು ಸಿಗುತ್ತದೆ, ನಿಜ. ಆದರೂ ಒಂದು ಹುಣ್ಣಿಮೆಯ ದಿನ ಭರತ ಎಷ್ಟು ಗಂಟೆಗೆ ಬಂತೆಂದು ಬರೆದಿಟ್ಟುಕೋ. ಮುಂದಿನ ಹುಣ್ಣಿಮೆಗೂ ಹತ್ತಿರ ಹತ್ತಿರ ಅದೇ ಹೊತ್ತು. ಆಮೇಲೆ ಗೋಡೆಯ ಪಂಚಾಂಗ ನೋಡಿಯೇ ಹೊರಡಬಹುದು. ನಮ್ಮಲ್ಲಿ ಏರಿಳಿತ ಒಂದು ಮೀಟರಿನ ಆಸುಪಾಸು, ಗುಜರಾತಿನ ಖಂಭಾತ್ ಕೊಲ್ಲಿಯ ಹಾಗೆ ಹತ್ತು ಮೀಟರಲ್ಲ. ಆದರೆ ನೆಲ ಚಪ್ಪಟೆಯಾಗಿರುವ ಕಡೆ ಅಷ್ಟು ನೀರು ಇಳಿದರೂ ಸಾಕು, ಕಣ್ಣು ಹಾಯಿಸಿದಷ್ಟು ಕೆಸರು ತೆರೆದುಕೊಳ್ಳುತ್ತದೆ.

ಪೂರ್ತಿ ಇಳಿತಕ್ಕೆ ಹೋದರೆ ಹಕ್ಕಿಗಳೆಲ್ಲ ದೂರದ ಕೆಸರಿನಲ್ಲಿ ಹರಡಿ ಮೇಯುತ್ತಿರುತ್ತವೆ, ನಿನಗೆ ಬರಿಯ ಚುಕ್ಕೆಗಳು. ಭರತಕ್ಕೆ ಎರಡು ಗಂಟೆ ಮೊದಲೇ ಹೋಗಿ ದಡದಲ್ಲಿ ಕೂರು. ನೀರು ಏರುತ್ತಾ ಏರುತ್ತಾ ಅವನ್ನು ನಿನ್ನ ಕಡೆಗೇ ತಳ್ಳಿಕೊಂಡು ಬರುತ್ತದೆ. ಕೊನೆಗೆ ಉಳಿದ ಒಂದಿಷ್ಟು ಒಣ ಹೊಯ್ಗೆಯ ಮೇಲೆ, ಕೊನೆಯ ಬಸ್ಸಿಗೆ ಕಾದವರ ಹಾಗೆ ಎಲ್ಲವೂ ಒತ್ತೊತ್ತಾಗಿ ನಿಲ್ಲುತ್ತವೆ. ಕೆಲವು ಒಂಟಿ ಕಾಲಿನಲ್ಲಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿಕೊಂಡು. ಎಣಿಸುವುದಕ್ಕೂ ಗುರುತು ಹಿಡಿಯುವುದಕ್ಕೂ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅವುಗಳ ವಿಶ್ರಾಂತಿಯ ಹೊತ್ತೂ ಅದೇ ಎಂಬುದು ನೆನಪಿರಲಿ. ಇನ್ನೂ ಹತ್ತಿರದ ಫೋಟೊ ಬೇಕೆಂದು ನಾಲ್ಕು ಹೆಜ್ಜೆ ಇಟ್ಟೆಯೋ, ಇಡೀ ಹಿಂಡು ಎದ್ದಿತು. ಮತ್ತೆ ಇಳಿಯಲು ಆ ಹೊತ್ತಿಗೆ ಬೇರೆ ನೆಲ ಉಳಿದಿರುವುದಿಲ್ಲ.

ಈಗ ಜಾಗ. ನಕ್ಷೆ ತೆಗೆದು ನೋಡು. ಪೂರ್ವದಿಂದ ನೇತ್ರಾವತಿ ಬರುತ್ತಾಳೆ. ಉತ್ತರದಿಂದ ಗುರುಪುರ ನದಿ, ಫಲ್ಗುಣಿ ಎಂದರೂ ಅದೇ, ಕಡಲಿಗೆ ಸಮಾನಾಂತರವಾಗಿ ಹರಿದು ಬಂದು ಅವಳನ್ನು ಸೇರುತ್ತದೆ. ಕಡಲಿಗೂ ಗುರುಪುರ ನದಿಗೂ ನಡುವೆ ಉದ್ದಕ್ಕೆ ಮಲಗಿದ ಹೊಯ್ಗೆಯ ಪಟ್ಟಿಯೇ ತಣ್ಣೀರುಬಾವಿ, ಬೆಂಗ್ರೆ. ಬಾಗಿಲಿನ ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ. ಇಷ್ಟು ತಲೆಯಲ್ಲಿದ್ದರೆ ಬೆಳಕಿನ ಲೆಕ್ಕ ತಾನಾಗಿ ಬರುತ್ತದೆ. ಬೆಳಿಗ್ಗೆ ಊರಿನ ಕಡೆಯ ದಡದಲ್ಲಿ ನಿಂತು ಬೆಂಗ್ರೆಯತ್ತ ನೋಡು, ಸೂರ್ಯ ಬೆನ್ನ ಹಿಂದೆ. ಸುಲ್ತಾನ್ ಬತ್ತೇರಿಯ ಆಸುಪಾಸಿನ ದಡ ಇದಕ್ಕೆ ಹೇಳಿ ಮಾಡಿಸಿದ್ದು. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಕಾವಲು ಗೋಪುರವೂ ನದಿಯ ಮೇಲೆ ಕಣ್ಣಿಡಲೆಂದೇ ಅಲ್ಲವೇ. ಸಂಜೆಗಾದರೆ ದೋಣಿ ಹತ್ತಿ ಬೆಂಗ್ರೆ ಬದಿಗೆ ದಾಟಿ, ಕಡಲಿಗೆ ಬೆನ್ನು ಹಾಕಿ ನದಿಯತ್ತ ನೋಡು. ಮೊದಲ ಸಲ ಹೋದವರೆಲ್ಲ ಕಡಲಿನತ್ತಲೇ ಓಡುತ್ತಾರೆ. ಅಲೆಯಂಚಿನಲ್ಲಿ ಓಡಾಡುವ ಸ್ಯಾಂಡರ್ಲಿಂಗ್ ಕಾಣಬಹುದು, ಆದರೆ ಬಗೆ ಬಗೆಯ ಹಕ್ಕಿ ಇರುವುದು ನದಿಯ ಬದಿಯಲ್ಲೇ.

ಒಂದೇ ಜಾಗ ಆರಿಸು ಎಂದರೆ ಚಳಿಗಾಲಕ್ಕೆ ನಾನು ಕೋಟೆಪುರ ಎನ್ನುವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಅಲ್ಲಿ ಉತ್ತರಕ್ಕೆ, ಬಾಗಿಲಿನ ಕಡೆಗೆ ಮುಖ ಮಾಡಿ ನಿಂತರೆ ಇಡೀ ದಿನ ಬೆಳಕು ಹಿಂದಿನಿಂದಲೇ. ಮೀನಿನ ವಾಸನೆ ಬರುತ್ತದೆ, ಮೂಗು ಮುಚ್ಚಿಕೊಳ್ಳಬೇಡ. ಹದ್ದು, ಗರುಡಗಳನ್ನು ಕರೆಯುವುದೂ ಆ ಮೀನೇ. ನಗರದ ಬದಿಯ ದಕ್ಕೆಯಲ್ಲೂ ಹಾಗೆಯೇ. ದೋಣಿಗಳು ಬಂದು ಮೀನು ಇಳಿಸುವ ಹೊತ್ತಿಗೆ ಹೋದರೆ ಗಲ್ ಹಕ್ಕಿಗಳು ತಲೆಯ ಮೇಲೇ. ಆದರೆ ಅದು ಜನರು ದುಡಿಯುವ ಜಾಗ. ಮಂಜುಗಡ್ಡೆಯ ಗಾಡಿಗೆ, ಬುಟ್ಟಿ ಹೊತ್ತವರಿಗೆ ಅಡ್ಡ ನಿಲ್ಲಬೇಡ. ಕ್ಯಾಮೆರಾ ಹೊರತೆಗೆಯುವ ಮೊದಲು ಯಾರನ್ನಾದರೂ ಕೇಳು.

ಯಾರ ಪಟ್ಟಿಯಲ್ಲೂ ಇಲ್ಲದ ಜಾಗ ಹುಡುಕಬೇಕೆಂದಿದ್ದರೆ ಇಳಿತದ ಹೊತ್ತಿಗೆ ಮರುವಾಯಿ ಚಿಪ್ಪು ಹೆಕ್ಕುವವರು ಎಲ್ಲಿ ಇಳಿಯುತ್ತಾರೆ ನೋಡು. ಚಿಪ್ಪು ಸಿಗುವ ಕೆಸರಿನಲ್ಲಿ ಹುಳವೂ ಇರುತ್ತದೆ, ಏಡಿಯೂ ಇರುತ್ತದೆ. ಉದ್ದ ಕೊಕ್ಕಿನವಕ್ಕೆ ಬೇಕಾದ್ದು ಅದೇ. ತುಳುವಿನಲ್ಲಿ ‘ಎಂಚ ಉಲ್ಲರ್’ ಎಂದು ಕ್ಷೇಮ ಕೇಳಿ ಮಾತು ತೆಗೆದರೆ ಯಾವ ದಿಬ್ಬ ಈ ವರ್ಷ ಹೊಸತಾಗಿ ಎದ್ದಿದೆ, ಯಾವುದು ಕೊಚ್ಚಿಹೋಯಿತು, ಎಲ್ಲಿ ಕಾಲು ಹೂತುಹೋಗುತ್ತದೆ, ಎಲ್ಲ ಹೇಳುತ್ತಾರೆ. ಮಳೆಗಾಲ ಕಳೆಯುವಷ್ಟರಲ್ಲಿ ಅಳಿವೆಯ ದಿಬ್ಬಗಳು ಅಲ್ಲಿಂದಿಲ್ಲಿಗೆ ಸರಿದಿರುತ್ತವೆ. ಹೋದ ವರ್ಷದ ಉಪಗ್ರಹ ಚಿತ್ರಕ್ಕಿಂತ ಅವರ ಮಾತೇ ನನಗೆ ನಂಬಿಕೆ.

ಕಾಂಡ್ಲ ಕಾಡು ನೋಡಬೇಕಾದರೆ ಕೂಳೂರಿನ ಕಡೆ ಹೋಗು. ಅಲ್ಲಿ ಕಪ್ಪು ತಲೆಯ ಮಿಂಚುಳ್ಳಿ ಸಿಕ್ಕರೆ ನಿನ್ನ ಅದೃಷ್ಟ. ನೇತ್ರಾವತಿ ಸೇತುವೆಯ ಮೇಲೆ ಮಾತ್ರ ಗಾಡಿ ನಿಲ್ಲಿಸಬೇಡ, ಹೆದ್ದಾರಿ ಅದು. ಜೆಪ್ಪಿನಮೊಗರಿನ ದಡಕ್ಕೆ ಇಳಿದರೆ ಅದೇ ನೀರು ಕಾಣುತ್ತದೆ.

ಗುರುತು ಹಿಡಿಯುವ ವಿಷಯದಲ್ಲಿ ಮೊದಲ ವರ್ಷ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಕಂದು ತಲೆಯ ಗಲ್ ಎಂದು ಪುಸ್ತಕದಲ್ಲಿ ಓದಿ ಡಿಸೆಂಬರಿನಲ್ಲಿ ಕಂದು ತಲೆ ಹುಡುಕಿದರೆ ಸಿಗದು. ಚಳಿಗಾಲದಲ್ಲಿ ಅದರ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಮಚ್ಚೆ ಅಷ್ಟೆ. ಲಡಾಖ್, ಟಿಬೆಟ್ ಕಡೆಯ ಸರೋವರಗಳಿಗೆ ವಾಪಸ್ ಹೊರಡುವ ಹೊತ್ತಿಗೆ ತಲೆಗೆ ಬಣ್ಣ ಏರುತ್ತದೆ. ಹೊಯ್ಗೆಯ ಮೇಲೆ ಓಡಿ, ನಿಂತು, ಮತ್ತೆ ಓಡುವ ಪುಟ್ಟ ಪ್ಲೋವರುಗಳಲ್ಲಿ ಕುತ್ತಿಗೆಯ ಹಿಂದೆ ಬಿಳಿ ಪಟ್ಟಿ ಇದ್ದದ್ದು ಹೆಚ್ಚಾಗಿ ಕೆಂಟಿಶ್. ಇಲ್ಲದ್ದು ಸ್ಯಾಂಡ್ ಪ್ಲೋವರ್. ಕೊಕ್ಕು ಕೆಳಕ್ಕೆ ಬಾಗಿದ್ದರೆ ತಲೆ ನೋಡು. ಗಾಢ ಪಟ್ಟೆ ಇದ್ದರೆ ವಿಂಬ್ರೆಲ್, ಪಟ್ಟೆಯಿಲ್ಲದೆ ಕೊಕ್ಕು ವಿಪರೀತ ಉದ್ದವಿದ್ದರೆ ಕರ್ಲ್ಯೂ. ಬೂದುಗಪ್ಪು ಬೆಳ್ಳಕ್ಕಿ ಕಂಡು ಬೆಚ್ಚಬೇಡ. ಅದು ರೀಫ್ ಎಗ್ರೆಟ್, ಅದರಲ್ಲಿ ಬಿಳಿಯವೂ ಉಂಟು, ಕಪ್ಪಿನವೂ ಉಂಟು. ಉಳಿದದ್ದನ್ನು ‘ಗೊತ್ತಾಗಲಿಲ್ಲ’ ಎಂದೇ ಬರೆದುಕೋ. ಜನವರಿಯ ಜಲಪಕ್ಷಿ ಗಣತಿಗೆ ಹೋಗುವವರ ಜೊತೆ ಒಮ್ಮೆ ಸೇರಿಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ತಡೆಗೋಡೆಯ ಕಲ್ಲುಗಳ ಮೇಲೆ ಹತ್ತಬೇಡ ಮಾರಾಯ. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಜಾರಿದರೆ ಕೆಳಗೆ ಬಾಗಿಲಿನ ಸೆಳೆತ. ಕೆಸರಿಗೂ ಒಬ್ಬನೇ ಇಳಿಯಬೇಡ. ಇಳಿತದಲ್ಲಿ ನಡೆದು ಹೋದ ದಿಬ್ಬದಿಂದ ಭರತದಲ್ಲಿ ಈಜಿ ಬರಬೇಕಾಗುತ್ತದೆ.

ಏಪ್ರಿಲ್ ದಾಟಿದ ಮೇಲೆ ವಲಸೆಯ ಹಕ್ಕಿಗಳು ಬಹುಪಾಲು ಹೋಗಿಬಿಡುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ರಜೆ, ದಕ್ಕೆ ಖಾಲಿ ಖಾಲಿ. ಹಾಗೆಂದು ದುರ್ಬೀನು ಕಪಾಟಿಗೆ ಸೇರಿಸಬೇಡ. ದೊಡ್ಡ ಗಾಳಿಮಳೆ ಬೀಸಿ ನಿಂತ ಮರುದಿನ ತಣ್ಣೀರುಬಾವಿಯ ಕಡೆ ಒಂದು ಸುತ್ತು ಹೋಗು. ನಡುಗಡಲಿನಲ್ಲೇ ಬಾಳುವ ಸೂಟಿ ಟರ್ನ್, ಬ್ರೈಡಲ್ಡ್ ಟರ್ನ್‌ಗಳು ಗಾಳಿಗೆ ಸೋತು ದಡಕ್ಕೆ ಬಿದ್ದಿರುವುದುಂಟು. ಸಿಕ್ಕಿದರೆ ಪಾಪ ಎಂದು ಮತ್ತೆ ನೀರಿಗೆ ಎಸೆಯಬೇಡ, ಬಾಯಿಗೆ ನೀರು ಹುಯ್ಯಲೂ ಬೇಡ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ನಾಯಿಗಳಿಂದ, ಮಕ್ಕಳಿಂದ ದೂರ ಇಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡು. ಫೋಟೊ ಬೇಕಾದರೆ ಪೆಟ್ಟಿಗೆ ಮುಚ್ಚುವ ಮೊದಲು ಒಂದೇ ಒಂದು ತೆಗೆ. ಯಾವ ಹಕ್ಕಿ ಎಂದು ಗುರುತಿಸಲು ಅಷ್ಟು ಸಾಕು.